ಭದ್ರಮ್ಮನ ರೊಪ್ಪ ತುಂಬಿದ ಸಂಜೆ

ಬೆಟ್ಟದಪುರದ ಬೆಟ್ಟ ಕಾಣುವಷ್ಟು ಹತ್ತಿರದ ಒಂದು ಹಳ್ಳಿಯಲ್ಲಿ ಭದ್ರಮ್ಮ ಅಂತ ಒಬ್ಬಳಿದ್ದಳು. ಅವಳ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಕುರಿ ಹಿಂದೆ ನಡೆಯುವಾಗ, ಪಂಚಾಯ್ತಿ ಕಟ್ಟೆಯ ಕೆಳಗೆ ಕೂತಾಗ, ಕಡೆಗೆ ಸಾವಿನ ಮನೆಯ ಜಗುಲಿಯಲ್ಲೂ ಅವಳ ಕದುರು ತಿರುಗುತ್ತಲೇ ಇರುತ್ತಿತ್ತು. ಆ ಉಣ್ಣೆಯ ನೂಲಿನಲ್ಲೇ ಅವಳ ಬದುಕು ನೇತಾಡುತ್ತಿತ್ತು ಅಂದರೆ ಸುಳ್ಳಲ್ಲ. ಗಂಡ ಹೋದಮೇಲೆ ಉಳಿದದ್ದು ಕಲ್ಲು ತುಂಬಿದ ಒಂದು ತುಂಡು ಹೊಲ, ಒಂದೆರಡು ಕುರಿ, ಮೊಲೆ ಬಿಡದ ಮಗ.

ಆ ಮಗ ಸಣ್ಣಬೀರಯ್ಯ ಹಟಮಾರಿ. ಪಿರಿಯಾಪಟ್ಟಣದಲ್ಲಿ ಎಸ್ಸೆಸ್ಸೆಲ್ಸಿಯನ್ನು ಒಂದೇ ಏಟಿಗೆ ಮುಗಿಸಿ, ಮೈಸೂರಿನಲ್ಲಿ ಇಂಟರ್‌ಮೀಡಿಯೇಟ್‌ಗೆ ಸೇರಿದ. ಐವತ್ತೈದನೇ ಇಸವಿಯ ಮಾತು. ಕಾಲೇಜು ಅಂದರೆ ಏನೆಂದು ಕೇಳಿದವರಿಗೆಲ್ಲ ಭದ್ರಮ್ಮ, "ಅಲ್ಲಿರೋ ಪುಸ್ತ್ಕನೆಲ್ಲ ಓದಿ ಮುಗುಸ್ದೋರೇ ಇಲ್ವಂತೆ ಕಣವ್ವ" ಅನ್ನುತ್ತಿದ್ದಳು. ಹೇಳುವಾಗ ಅವಳಿಗೇ ಮೈ ಜುಂ ಅನ್ನುತ್ತಿತ್ತು. ಆದರೆ ಎಷ್ಟು ನೂತರೂ ಕಂಬಳಿ ನೂಲು ಮೈಸೂರಿನ ತನಕ ಎಟುಕುವುದಿಲ್ಲ. ಸರ್ಕಾರದ ವಿದ್ಯಾರ್ಥಿವೇತನ ಸಿಗದಿದ್ದರೆ ಹುಡುಗ ಓದು ಬಿಟ್ಟು ಕುರಿ ಕಾಯಲು ಬರಬೇಕಿತ್ತು.

ಸ್ಕೂಲಿನ ಚೆಲುವಯ್ಯ ಮೇಷ್ಟ್ರು ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಎಲ್ರಿಗೂ ಕೊಡೋದಿಲ್ಲ ಕಣಮ್ಮ. ಹಿಂದುಳಿದ ಪಂಗಡದವನಾಗಿರಬೇಕು, ನಿನ್ನ ಮಗ ಹೌದು. ಫೇಲಾಗಿರಬಾರದು, ಆಗಿಲ್ಲ. ಇನ್ನೊಂದು ಕಡೆ ಸಹಾಯ ತಗೊಂಡಿರಬಾರದು. ಮನೆ ವರಮಾನ ಕಮ್ಮಿ ಇರಬೇಕು. ಅದನ್ನ ಕಂದಾಯದ ಶೇಕದಾರರೇ ಬಂದು ನೋಡ್ತಾರೆ. ಅವರು ಬರಕೊಟ್ರೆ ತಾಲ್ಲೂಕಿನ ಅಮಲ್ದಾರರ ಸಹಿ ಬೀಳುತ್ತೆ."

ಭದ್ರಮ್ಮ ಎಲ್ಲಕ್ಕೂ ತಲೆ ಆಡಿಸಿದಳು. ವರಮಾನದ ಮಾತೊಂದನ್ನು ಮಾತ್ರ ನಂಬಲಿಲ್ಲ. ಮೇಷ್ಟ್ರು ಒಳ್ಳೆಯವರು, ಬಡವಿಗೆ ಸಮಾಧಾನ ಹೇಳುತ್ತಿದ್ದಾರೆ ಅಂದುಕೊಂಡಳು. ಇಲ್ಲ ಅನ್ನೋರಿಗೆ ಕೊಟ್ಟವರನ್ನು ಅವಳು ಈ ವಯಸ್ಸಿನ ತನಕ ಕಂಡಿರಲಿಲ್ಲ. ಬೆಲ್ಲ ಇದ್ದಲ್ಲಿಗೇ ತಾನೆ ಇರುವೆ ಬರೋದು?

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಆ ಊರಿನ ಕುರುಬರ ಬೀದಿ ಸುಳ್ಳನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಕುರಿ ರೊಪ್ಪದಲ್ಲಿ ಕೂಡುತ್ತಿತ್ತು. ಹೆಣ್ಣು ಕೊಡುವವರು ಯಾರ ಮನೆ ನೋಡಲು ಬಂದರೂ ಬೀದಿಯ ಕುರಿಗಳೆಲ್ಲ ಆ ಮನೆಯ ರೊಪ್ಪಕ್ಕೆ. ಹಿತ್ತಾಳೆ ಚೊಂಬು, ರಾಗಿ ಮೂಟೆ ಎಲ್ಲ ಅಲ್ಲಿಗೇ. ನೋಡಲು ಬಂದವರಿಗೂ ಅದು ಗೊತ್ತು, ತಮ್ಮೂರಲ್ಲಿ ಅವರು ಮಾಡುವುದೂ ಅದೇ. ಕುರಿ ಯಾರವು ಅಂತ ಕೇಳುವುದು ಮರ್ಯಾದೆಯಲ್ಲ.

ಶೇಕದಾರರು ಬರುವುದೂ ಮನೆ ನೋಡಲೇ ತಾನೆ? ಆ ದಿನ ಯಾರನ್ನೂ ಕರೆಯಬೇಕಾಗಲಿಲ್ಲ. ಮರಿಗಳನ್ನು ಮನೆಯಲ್ಲೇ ಮಂಕರಿ ಬುಟ್ಟಿಯ ಕೆಳಗೆ ಮುಚ್ಚಿ, ಮೇದು ಬಂದ ಕುರಿಗಳನ್ನು ಎಲ್ಲರೂ ನೇರ ಭದ್ರಮ್ಮನ ರೊಪ್ಪಕ್ಕೆ ಹೊಡೆದರು. ಬೇಲಿ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಮನೆ ಸಾಕಮ್ಮ ಕೂಡ ತನ್ನ ಕುರಿ ಹೊಡೆದುಕೊಂಡು ಬಂದು, ಬೆಳಗಿದ ಚೊಂಬನ್ನು ಜಗುಲಿಯ ಮೇಲೆ ಕುಕ್ಕಿ, ಗೋಡೆಗೆ ಹೇಳುವವಳ ಹಾಗೆ, "ಜಗಳ ಬ್ಯಾರೆ, ಮಗ ಬ್ಯಾರೆ" ಅಂದು ಹೋದಳು.

ಹೊತ್ತು ಇಳಿಯುವಾಗ ಶೇಕದಾರ್ ನೀಲಕಂಠಸ್ವಾಮಿ ಸೈಕಲ್ ತಳ್ಳಿಕೊಂಡು ಬಂದರು. ಕಿಕ್ಕಿರಿದ ರೊಪ್ಪ ನೋಡಿದರು, ಜಗುಲಿಯಲ್ಲಿ ಬೀದಿಯವರು ಪೇರಿಸಿದ್ದ ರಾಗಿ ಮೂಟೆ ನೋಡಿದರು.

"ಇವೆಲ್ಲ ನಿಮ್ಮವೇನಮ್ಮ?"

"ಎಲ್ಲಾ ನಮ್ಮವೇ ಬುದ್ಧಿ" ಅಂದಳು ಭದ್ರಮ್ಮ, ಎದೆ ಉಬ್ಬಿಸಿ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ನಿಮ್ಮ ಮಗನಿಗೆ ಬರೋದಿಲ್ಲಮ್ಮ. ಇದು ಇಲ್ಲದೋರಿಗೆ ಅಂತ ಸರ್ಕಾರ ಇಟ್ಟಿರೋದು."

ಭದ್ರಮ್ಮನ ಕದುರು ಕೈಜಾರಿ ನೆಲಕ್ಕೆ ಬಿತ್ತು. ಮೇಷ್ಟ್ರು ಹೇಳಿದ್ದು ಸಮಾಧಾನದ ಮಾತಲ್ಲ, ನಿಜ. ಇಂಥದ್ದೂ ಒಂದು ಲೋಕದಲ್ಲಿದೆ, ಅದು ತನ್ನ ಬಾಗಿಲಿಗೇ ಬಂದಿದೆ, ತಾನೇ ಅದನ್ನು ತಳ್ಳುತ್ತಿದ್ದೇನೆ.

"ನಮ್ಮವಲ್ಲ ಬುದ್ಧಿ. ಬೀದಿಯೋರವು" ಅಂದಳು.

"ಈಗ ತಾನೆ ನಮ್ಮವು ಅಂದ್ರಿ. ಯಾವ ಮಾತು ನಂಬಲಿ ನಾನು?"

ಅವಳು ಹೋಗಿ ರೊಪ್ಪದ ಬಾಯಿಯ ಮುಳ್ಳುತಡಿಕೆಯನ್ನು ಎಳೆದು ಪಕ್ಕಕ್ಕೆ ಹಾಕಿದಳು.

ಆ ಹೊತ್ತಿಗೆ ಬೀದಿಯ ಮನೆಮನೆಯಲ್ಲೂ ಹಸಿದ ಮರಿಗಳು ಅರಚುತ್ತಿದ್ದವು. ಕೆಚ್ಚಲು ಬಿಗಿದು ನಿಂತಿದ್ದ ತಾಯಿಗಳು ಒಂದನ್ನೊಂದು ನೂಕಿಕೊಂಡು ಹೊರಬಿದ್ದವು. ಅಟ್ಟುವವರಿಲ್ಲ, ತಡೆಯುವವರಿಲ್ಲ. ಒಂದು ಈ ಬಾಗಿಲಿಗೆ, ಎರಡು ಆ ಬಾಗಿಲಿಗೆ, ಒಂದೂ ದಾರಿ ತಪ್ಪದೆ ಹೋದವು. ಧೂಳು ಇಳಿಯುವ ಹೊತ್ತಿಗೆ ರೊಪ್ಪದಲ್ಲಿ ಒಂದು ಮುದಿ ಕುರಿ, ಅದರ ಪಕ್ಕ ಅದರ ಮಗಳು, ಎರಡೂ ಮೆಲುಕು ಹಾಕುತ್ತ ಮಲಗಿದ್ದವು.

ನೀಲಕಂಠಸ್ವಾಮಿ ಕುರಿ ಹೊಕ್ಕ ಬಾಗಿಲುಗಳನ್ನು ಒಂದೊಂದಾಗಿ ನೋಡಿದರು. ಆ ಬಾಗಿಲುಗಳಲ್ಲಿ ಇವಳಿಗಿಂತ ಉಳ್ಳವರು ಯಾರೂ ಇದ್ದಂತಿರಲಿಲ್ಲ. ಕಡೆಗೆ ಕುಡಿಯಲು ನೀರು ಕೇಳಿದರು. ಭದ್ರಮ್ಮ ಚೊಂಬಿನಲ್ಲಿ ತಂದುಕೊಟ್ಟಳು.

"ಈ ಚೊಂಬು?"

"ಸಾಕಮ್ಮಂದು ಬುದ್ಧಿ. ನೀರು ನಮ್ದೇ."

ಅವರು ನಕ್ಕರು. ನೀರು ಕುಡಿದು, ಜಗುಲಿಯ ಮೇಲೆ ಕೂತು, ವರಮಾನ ಮಿತಿಯೊಳಗಿದೆ ಎಂದು ಬರೆದರು. ಇನ್ನೇನು ಹೊರಡಬೇಕು, ಭದ್ರಮ್ಮ ಸೈಕಲ್ಲಿಗೆ ಅಡ್ಡ ನಿಂತಳು. ಬದುಕಿಡೀ ಬಂದವರೆಲ್ಲ ನಿನ್ನ ಹತ್ತಿರ ಏನಿದೆ ಅಂತಲೇ ಕೇಳಿದ್ದರು. ಏನು ಇಲ್ಲ ಅಂತ ಕೇಳಿಕೊಂಡು ಬಂದವರು ಇವರೇ ಮೊದಲು.

"ಬುದ್ಧಿ, ಈ ಸರ್ಕಾರದೋರು ಯಾವೂರ್ನೋರು?"

"ನೀವೇ ಓಟು ಹಾಕಿ ಕೂರಿಸಿದೋರಲ್ವೇನಮ್ಮ? ನಮ್ಮೂರೋರೇ."

ಭದ್ರಮ್ಮ ಮರಿಗಳ ಸದ್ದು ಅಡಗಿದ ಬೀದಿಯನ್ನೊಮ್ಮೆ ನೋಡಿದಳು.

"ಅಂಗಾರೆ ನಮ್ ಸಾಕಮ್ಮನಂತೋರೇ ಇರ್ಬೇಕು ಬುಡಿ" ಅಂದಳು.

ಸೈಕಲ್ ಮರೆಯಾದಮೇಲೆ ಚೊಂಬನ್ನು ತೊಳೆದು ಸೆರಗಿನಲ್ಲಿ ಒರೆಸಿದಳು. ಆಮೇಲೆ ಜಗಳದ ಬೇಲಿಯನ್ನು ದಾಟಿ, "ಸಾಕಮ್ಮಾ, ಇದೀಯೇನೆ?" ಅಂತ ಕೂಗುತ್ತ ಹೋದಳು.