ಎರಡನೇ ಸೀಸನ್ನಿಗೆ ಇಸೊಗಾಯ್ ಕೊಟ್ಟ ತೀರ್ಪು

ನಮ್ಮ ಯನಾಗಿ ಬೀದಿಯ ಕ್ಷೌರಿಕ ಇಸೊಗಾಯ್ ಕಾತ್ಸುಜೊ ಒಂದು ತಲೆಗೆ ಕತ್ತರಿ ಹಾಕಿದನೆಂದರೆ ಅರ್ಧಕ್ಕೆ ಬಿಡುವವನಲ್ಲ. ದೊಡ್ಡ ಭೂಕಂಪದ ದಿನ ಅವನ ಗಿರಾಕಿ ಒಂದು ಕೆನ್ನೆಯ ನೊರೆಯೊಂದಿಗೇ ಬೀದಿಗೆ ಓಡಿದ್ದ. ಅಲುಗಾಟ ನಿಂತ ಮೇಲೆ ಇಸೊಗಾಯ್ ಅವನನ್ನು ಹುಡುಕಿ ತಂದು, ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರಿಸಿ ಇನ್ನೊಂದು ಕೆನ್ನೆಯನ್ನೂ ಬೋಳಿಸಿಯೇ ಕಳಿಸಿದ.

ಅಕಿತಾದ ಹಿಮದ ಹಳ್ಳಿಯಿಂದ ಅವನು ಟೋಕಿಯೊಗೆ ಬಂದಾಗ ಇನ್ನೂ ಮೀಸೆ ಮೂಡಿರಲಿಲ್ಲ. ನಾನು ಆಗಲೇ ಇಲ್ಲಿ ಆಲೂಗಡ್ಡೆಯ ಕೊರೊಕ್ಕೆ ಕರಿದು ಮಾರುತ್ತಿದ್ದೆ. ಓದು ಅವನಿಗೂ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಈ ಬೀದಿಯ ಕ್ಷೌರದಂಗಡಿಯಲ್ಲಿ ಕೆಲಸಕ್ಕೆ ಸೇರಿ, ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದ ಹಾಗೆ ಬೋಳಿಸುತ್ತ ಕೈ ಪಳಗಿಸಿಕೊಂಡ. ಆಮೇಲೆ ಯಜಮಾನರ ಮಗಳು ತೊಮಿಯನ್ನು ಮದುವೆಯಾಗಿ ಆ ಅಂಗಡಿಗೇ ಮನೆ ಅಳಿಯನಾದ.

ತೊಮಿ ಮಾತು ಕಡಿಮೆಯ ಹೆಂಗಸು. ಬೆಳಗ್ಗೆ ಎದ್ದವಳೇ ಪೊರಕೆ ಹಿಡಿದು ತನ್ನ ಬಾಗಿಲು, ಅಕ್ಕಪಕ್ಕದವರ ಬಾಗಿಲು, ಎದುರಿನ ಮೂರು ಬಾಗಿಲು ಎಲ್ಲವನ್ನೂ ಗುಡಿಸುತ್ತಿದ್ದಳು. ಟೀವಿಗೆ ಒಂದು ಅನಿಮೆ ಚಿತ್ರಕಥೆ ಮಾಡಲು ಜಾಗ ಹುಡುಕುತ್ತ ಬಂದ ಹಿರೊನಾಕಾ ಎಂಬ ಹುಡುಗಿ, ನನ್ನ ಕೊರೊಕ್ಕೆ ತಿನ್ನುತ್ತ ನಿಂತು ಅದನ್ನೇ ನೋಡಿದಳು. ನಮ್ಮ ವರ್ತಕರ ಸಂಘದ ಒಪ್ಪಿಗೆ ಪಡೆದು ಬೀದಿಯ ಚಿತ್ರವನ್ನು ಇದ್ದದ್ದು ಇದ್ದ ಹಾಗೇ ಬರೆದಳು.

ಅದರ ಹೆಸರು 'ಕಬ್ಬಿಣದ ಇಬ್ಬನಿ'. ಮುಂದೆಂದೋ ಬರುವ ಕಾಲದ ನಗರ. ಜನರ ಕತ್ತಿನೊಳಗೆ ತಂತಿ, ಸಾಯೊ ಎಂಬ ಹುಡುಗಿಗೆ ಉಕ್ಕಿನ ಎರಡು ತೋಳು, ಬರೀ ಹೊಡೆದಾಟ. ಮುಗಿಲು ಮುಟ್ಟುವ ಕಟ್ಟಡಗಳ ಬುಡದಲ್ಲಿ ಮಾತ್ರ ನಮ್ಮ ಬೀದಿ, ನನ್ನ ಬಾಣಲೆಯ ಹೊಗೆ, ಕ್ಷೌರದಂಗಡಿಯ ಗುರುತಾಗಿ ಇಸೊಗಾಯ್ ಬಾಗಿಲಲ್ಲಿ ತಿರುಗುವ ಪಟ್ಟೆ ಕಂಬ. ಪ್ರತಿ ಕಂತಿನಲ್ಲೂ ಹೊಡೆದಾಟ ಮುಗಿದು ಬೆಳಗಾದಾಗ, ಒಬ್ಬ ಮುದುಕಿ ಆ ಕಂಬದ ಬಳಿ ಬಿದ್ದ ಗಾಜಿನ ಚೂರುಗಳನ್ನು ಗುಡಿಸುತ್ತಿದ್ದಳು.

"ನನ್ ಸೊಂಟ ಇಷ್ಟೊಂದ್ ಬಗ್ಗಿದ್ಯಾ ಶಿಗೆ ಅಕ್ಕಾ? ಅನ್ಯಾಯ!" ಎಂದು ತೊಮಿ ನನ್ನ ಮುಂದೆ ಬೈದಳು. ಬೈಯುತ್ತಲೇ ಒಂದು ಕಂತನ್ನೂ ಬಿಡದೆ ನೋಡಿದಳು. ದೂರದೂರುಗಳಿಂದ ಹುಡುಗರು ನಮ್ಮ ಬೀದಿಯ ಚಿತ್ರ ತೆಗೆಯಲು ಬಂದರು. ಸಂಘದವರು ದೀಪದ ಕಂಬಗಳಿಗೆಲ್ಲ ಸಾಯೊಳ ಚಿತ್ರದ ಬಾವುಟ ಕಟ್ಟಿದರು. ಮರುವರ್ಷದ ಚಳಿಯಲ್ಲಿ ತೊಮಿ ತೀರಿಕೊಂಡಳು.

ಎರಡನೇ ಸೀಸನ್ ಶುರುವಾಗಿದ್ದು ಆಮೇಲೆ. ಮೊದಲ ಕಂತಿನಲ್ಲೇ ನಮ್ಮ ಇಡೀ ಬೀದಿ ಸುಟ್ಟು ಬೂದಿಯಾಯಿತು.

ಸಂಘದ ಅಧ್ಯಕ್ಷೆ, ಚಹಾಪುಡಿ ಅಂಗಡಿಯ ಕುರಾಮೊಚಿ-ಸಾನ್, ಅಂದೇ ಎಲ್ಲರನ್ನೂ ಸೇರಿಸಿದರು. "ಕರೆದು ಚಹಾ ಕೊಟ್ವಿ. ನಮ್ ಸೂರಿಗೇ ಬೆಂಕಿ ಇಟ್ರು! ಒಪ್ಪಿಗೆ ವಾಪಸ್ ತಗೊಳ್ಳೋಣ. ಮುಂದಿನ ಕಂತುಗಳು ಇನ್ನೂ ಬರೀತಾ ಇದಾರಂತೆ. ನಮ್ ಬೀದಿ ಇನ್ನು ಅದ್ರಲ್ಲಿ ಕಾಣಿಸ್ಕೂಡ್ದು."

"ನನ್ನಂಗ್ಡಿ ಮಂಜುಗಡ್ಡೆನೂ ಕುದೀತಿತ್ತು ಕಣ್ರೀ ಆ ಬೆಂಕೀಲಿ," ಎಂದ ಮೀನಂಗಡಿಯವನು.

ಎಲ್ಲರೂ ನಕ್ಕರು. ಇಸೊಗಾಯ್ ಮಾತ್ರ ಎದ್ದು ನಿಂತ. "ಹನ್ನೆರಡು ಕಂತೂ ಮುಗೀಲಿ. ಅರ್ಧ ತಲೆ ನೋಡಿ ಕ್ಷೌರ ಕೆಟ್ಟಿದೆ ಅಂತ ಯಾರಾದ್ರೂ ಅಂತಾರಾ?"

"ಹೆಂಡ್ತಿನ ಹುಡುಕ್ತಾ ಇದೀರಿ ಅಂತ ಬಾಯ್ಬಿಟ್ಟು ಹೇಳಿ," ಎಂದರು ಕುರಾಮೊಚಿ-ಸಾನ್.

"ಹೌದು, ಹುಡುಕ್ತಾ ಇದೀನಿ. ಬೀದಿ ಸುಟ್ಟಾಗ ಅವಳು ಎಲ್ಲಿದ್ಲು ಅಂತ ತೋರಿಸ್ಲಿಲ್ಲ. ಬದುಕಿದಾಳೋ ಇಲ್ವೋ, ನಂಗೆ ಗೊತ್ತಾಗ್ಬೇಕು. ನೀವು ಇವತ್ತೇ ಬೇಡ ಅಂದ್ಬಿಟ್ರೆ ಅವಳನ್ನ ಬರೆಯೋದೇ ಇಲ್ಲ." ಅವನ ಕಿವಿ ಕೆಂಪೇರಿತ್ತು. "ತೀರ್ಪು ಬೇರೆ, ಅದು ಬೇರೆ. ಕಥೆ ಕೆಟ್ಟಿದ್ರೆ ಕೆಟ್ಟಿದೆ ಅಂತ ನಾನೇ ಹೇಳ್ತೀನಿ."

ತೊಮಿ ಗುಡಿಸದ ಬಾಗಿಲು ಅಲ್ಲಿ ಯಾರದೂ ಇರಲಿಲ್ಲ. ಕಾಯೋಣ ಎಂದಾಯಿತು.

ಟೋಕಿಯೊದ ಕ್ಷೌರದಂಗಡಿಗಳಿಗೆ ಸೋಮವಾರ ರಜೆ. ವಾರವಾರವೂ ಅಂದು ಬೆಳಗ್ಗೆ ಅವನು ಗಿರಾಕಿಯ ಕುರ್ಚಿಯಲ್ಲಿ ಕೂತು, ಹಿಂದಿನ ರಾತ್ರಿ ಟೀವಿಯಿಂದ ರೆಕಾರ್ಡ್ ಮಾಡಿಟ್ಟುಕೊಂಡ ಕಂತನ್ನು ಎರಡೆರಡು ಸಲ ನೋಡುತ್ತಿದ್ದ. ಬಿಸಿ ಕೊರೊಕ್ಕೆ ಹಿಡಿದು ನಾನೂ ಹೋಗುತ್ತಿದ್ದೆ. ಮೊದಲ ಸಲ ಹೆಂಡತಿಗಾಗಿ, ಎರಡನೇ ಸಲ ಕಥೆಗಾಗಿ. ಎರಡನ್ನೂ ಕಲಸಿಬಿಡಬಾರದೆಂದು ಹಾಗೆ ಮಾಡುತ್ತಿದ್ದ.

"ಸಿಕ್ಕಿದ್ರಾ ಮನೆಯವ್ರು?" ಎಂದು ಮೀನಂಗಡಿಯವನು ಕೇಳಿದರೆ, "ಇನ್ನೂ ಇಲ್ಲ. ಆದ್ರೆ ಸಾಯೊ ಆ ಸೇತುವೆ ಮೇಲೆ ಓಡ್ತಾಳಲ್ಲ, ಆ ಓಟ ನಿನ್ ಮೀನಿಗಿಂತ ತಾಜಾ ಆಗಿದೆ," ಎನ್ನುತ್ತಿದ್ದ. ಒಂದು ವಾರ ಹೊಸ ಕಂತು ಮುಗಿಯದೆ, ಹಳೆಯ ತುಣುಕುಗಳನ್ನೇ ಜೋಡಿಸಿ ತೋರಿಸಿಬಿಟ್ಟರು. ಅಂದು ಪೊರಕೆ ಹಿಡಿದ ತೊಮಿ ಕಾಣಿಸಿಕೊಂಡಳು. ಅವನು ಮುಂದಕ್ಕೆ ಬಾಗಿ ನೋಡಿದ, ಮತ್ತೆ ಒರಗಿ ಕೂತ. "ಇದು ಹಳೇದು. ಲೆಕ್ಕಕ್ಕಿಲ್ಲ," ಎಂದ.

ಕೊನೆಯ ಕಂತಿಗೆ ಸಂಘದವರೆಲ್ಲ ಅವನ ಅಂಗಡಿಯಲ್ಲೇ ಸೇರಿದರು. ಸಾಯೊ ಗೆದ್ದಳು. ಸುಟ್ಟ ಬೀದಿ ಹೊಸದಾಗಿ ಎದ್ದು ನಿಂತಿತ್ತು, ನನ್ನ ಬಾಣಲೆ ಹೊಗೆಯಾಡುತ್ತಿತ್ತು, ಪಟ್ಟೆ ಕಂಬ ತಿರುಗುತ್ತಿತ್ತು. ಕಂಬದ ಬಳಿ ಯಾರೂ ಇರಲಿಲ್ಲ. ಕೆಲಸಗಾರರ ಹೆಸರುಗಳು ಸಾಲಾಗಿ ಮೇಲೇರಿ ಮುಗಿಯುವವರೆಗೂ ಇಸೊಗಾಯ್ ಕಣ್ಣು ಕೀಳಲಿಲ್ಲ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ.

ಕಡೆಗೆ ಕುರಾಮೊಚಿ-ಸಾನ್ ಮೆಲ್ಲಗೆ ಕೇಳಿದರು, "ಈಗ ಏನಂತೀರಿ?"

"ತಾಳಿ, ಇನ್ನೊಂದ್ಸಲ ನೋಡ್ಬೇಕು." ನೋಡಿದ. ನಾವೂ ನೋಡಿದೆವು. ಆಮೇಲೆ ಎದ್ದ.

"ಹೊಡೆದಾಟ ಹೋದ ಸಲಕ್ಕಿಂತ ಚೆನ್ನಾಗಿದೆ, ಕೈ ಪಳಗಿದೆ. ಖಳನಿಗೆ ಮಾತು ಜಾಸ್ತಿ. ಆದ್ರೆ ಮೊದಲ್ನೇದ್ರಲ್ಲಿ ಗಾಜು ಒಡೆದ್ರೆ ಅದು ಯಾರದೋ ಬಾಗಿಲ ಮುಂದೆ ಬೀಳ್ತಿತ್ತು, ಯಾರೋ ಗುಡಿಸ್ತಿದ್ರು. ಅದಕ್ಕೇ ಪ್ರತಿ ಏಟೂ ನೋಯ್ತಿತ್ತು. ಇದ್ರಲ್ಲಿ ಇಡೀ ಊರು ಸುಟ್ಟೋಯ್ತು, ಒಂದು ಹಿಡಿ ಬೂದಿನೂ ಯಾರೂ ಎತ್ಲಿಲ್ಲ. ಹಾಗಾದ್ರೆ ಸುಟ್ಟಿದ್ದೇ ಸುಳ್ಳು. ಎರಡನೇದು ಸೋತಿದೆ."

"ಹಾಗಿದ್ರೆ ಮುಗೀತಲ್ಲ! ಮೂರನೇದಕ್ಕೆ ಒಪ್ಪಿಗೆ ಇಲ್ಲ ಅಂತ ಹೇಳಿ ಕಳಿಸ್ತೀನಿ," ಎಂದರು ಕುರಾಮೊಚಿ-ಸಾನ್.

"ಬೇಡ. ಕ್ಷೌರ ಕೆಟ್ಟ ಗಿರಾಕಿ ಮತ್ತೆ ನನ್ನಂಗ್ಡಿಗೇ ಬರ್ಬೇಕು. ಬರ್ದಿದ್ರೆ ಸರಿ ಮಾಡೋದ್ ಹೇಗೆ? ಒಪ್ಪಿಗೆ ಕೊಡಿ. ಬಾವುಟನೂ ಹಾಗೇ ಇರ್ಲಿ. ನಮ್ ಬೀದಿಯ ಸುಮೊ ಕುಸ್ತಿ ಹುಡುಗ ಸೋತು ಬಂದಾಗ ಬಾವುಟ ಬಿಚ್ಚಿದ್ವಾ? ಬೈಯೋ ಕೆಲಸ ನಂಗೆ ಬಿಡಿ."

ಮೊದಲು ಎತ್ತಿದ್ದು ಅವನ ಕೈ. ಆಮೇಲೆ ನನ್ನದು. ಒಂದೊಂದಾಗಿ ಎಲ್ಲರೂ ಎತ್ತಿದರು, ಕುರಾಮೊಚಿ-ಸಾನ್ ಎಲ್ಲರಿಗಿಂತ ಕೊನೆಗೆ.

ಆ ವಾರವೇ ಹಿರೊನಾಕಾ ಸಿಹಿಯ ಪೊಟ್ಟಣ ಹಿಡಿದು, ಅಂಗಡಿ ಅಂಗಡಿಗೂ ಬಾಗಿ ವಂದನೆ ಹೇಳುತ್ತ ಬಂದಳು. ನಿದ್ದೆಗೆಟ್ಟು ಕಣ್ಣಿನ ಸುತ್ತ ಕಪ್ಪಾಗಿತ್ತು. ನಮ್ಮಲ್ಲಿ ಹೆಂಗಸರೂ ಮುಖದ ನವಿರು ತೆಗೆಸಿಕೊಳ್ಳುವುದು ಕ್ಷೌರದಂಗಡಿಯಲ್ಲೇ. ಇಸೊಗಾಯ್ ಕುರ್ಚಿ ತಿರುಗಿಸಿ ತೋರಿಸಿದ.

"ಕೂತ್ಕೊಳಮ್ಮ."

"ಇವತ್ತು ಟೈಮಿಲ್ಲ, ಇಸೊಗಾಯ್-ಸಾನ್..."

"ಕೂತ್ಕೋ. ಮದುವೆ ಮನೆಗೂ ಹೋಗೋ ಹಾಗೆ ಮಾಡಿ ಕಳಿಸ್ತೀನಿ."

ಕುರ್ಚಿ ಹಿಂದಕ್ಕೆ ಒರಗಿತು. ಬಿಸಿ ಟವೆಲು ಮುಖ ಮುಚ್ಚಿತು. ಅವನು ಕತ್ತಿ ಮಸೆಯುತ್ತ, ಗಂಟಲು ಸರಿಮಾಡಿಕೊಂಡು, ಮೊದಲನೇ ಕಂತಿನಿಂದ ಬೈಯಲು ಶುರು ಮಾಡಿದ. ಅಕ್ಕಿಹಿಟ್ಟಿನ ಸಿಹಿ ತಿನ್ನುತ್ತ ನಾನು ಮೂಲೆಯಲ್ಲಿ ಕೂತು ಕೇಳಿದೆ. ಕತ್ತಿ ಕೆನ್ನೆಯ ಮೇಲಿರುವಷ್ಟು ಹೊತ್ತು ಹುಡುಗಿ ಉಸಿರೆತ್ತಲಿಲ್ಲ. ಅವನು ಕತ್ತಿ ಒರೆಸಲು ಎತ್ತಿದಾಗಲೆಲ್ಲ ವಾದ ಮಾಡಿದಳು: ಸಮಯ ಸಾಲಲಿಲ್ಲ, ಕೈಗಳು ಸಾಲಲಿಲ್ಲ, ಆ ಮುದುಕಿಯನ್ನು ಬರೆಯಲು ಕೂತರೆ ಅಳು ಬರುತ್ತಿತ್ತು, ಅದಕ್ಕೇ ಬಿಟ್ಟುಬಿಟ್ಟೆ.

ಕತ್ತಿ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು.

"ಅತ್ತುಕೊಂಡೇ ಬರಿ," ಎಂದ ಇಸೊಗಾಯ್. "ಈಗ ಗದ್ದ ಎತ್ತು. ಎರಡನೇ ಕಂತು."