ಉರ್ಹೊ ಬಿಟ್ಟ ಗುಳ್ಳೆಗಳು

ಉತ್ತರ ಮಿನ್ನೆಸೋಟಾದ ನಮ್ಮ ಸರೋವರದ ದಂಡೆಯಲ್ಲಿ ಉರ್ಹೊ ಲಂಪಿನೆನ್‌ಗೆ ತಿಳಿಯದ ವಿಷಯವೇ ಇರಲಿಲ್ಲ. ಅಂಚೆ ಹಂಚಿ ನಿವೃತ್ತನಾದವನು. ನಡಿಗೆ ಮಾತ್ರ ರಾಜ್ಯಪಾಲರದು. ಅವನಪ್ಪ ದೇವದಾರು ಮರದಲ್ಲಿ ಕಟ್ಟಿದ್ದ, ನೀರಿಗೆ ಚಾಚಿದ ದೋಣಿಕಟ್ಟೆಯ ಎರಡು ಕಂಬಗಳನ್ನು ಹೋದ ಚಳಿಗಾಲದ ಮಂಜುಗಡ್ಡೆ ಹಲ್ಲು ಕಿತ್ತಂತೆ ಕಿತ್ತಿತ್ತು. ಈ ಸಲವೂ ಹಾಗಾದರೆ ಕಟ್ಟೆಯ ಕಥೆ ಮುಗಿದಂತೆ.

ಅದಕ್ಕೇ ಗಾಳಿಯಂತ್ರ ಬಂತು. ತಳದಲ್ಲಿ ತೂತಿನ ಕೊಳವೆ ಮಲಗಿಸಿ ಗಾಳಿ ಊದಿದರೆ, ಗುಳ್ಳೆಗಳು ಆಳದ ತುಸು ಬೆಚ್ಚನೆಯ ನೀರನ್ನು ಮೇಲೆತ್ತಿ ಮಂಜನ್ನು ಕರಗಿಸುತ್ತವೆ. ಇದನ್ನು ಉರ್ಹೊ ನಮಗೆ ವಿವರಿಸಿದ್ದು ಶರತ್ಕಾಲದ ಗಾಳಿಯಲ್ಲಿ, ದೋಣಿಯಲ್ಲಿ ನಿಂತು, ಕೊಳವೆಯನ್ನು ನೀರಿಗೆ ಬಿಡುತ್ತಲೇ. ಭಾಷಣದ ಭರದಲ್ಲಿ ದೋಣಿ ಎತ್ತಲೋ ತೇಲಿತು. ಅವನು ಗಮನಿಸಲಿಲ್ಲ, ಕೈತಟ್ಟುತ್ತಿದ್ದ ನಾವೂ ಗಮನಿಸಲಿಲ್ಲ.

ಜನವರಿಯಲ್ಲಿ ಯಂತ್ರ ಗುರುಗುಟ್ಟಿತು. ಉರ್ಹೊ ದಿನವೂ ಹಾರೆಯಿಂದ ಕಟ್ಟೆಯ ಬುಡ ಕುಟ್ಟಿದ; ಕರಗದ ಮಂಜು ಠಣ್ ಎಂದಿತು. ಕಂಬಗಳು ನರಳತೊಡಗಿದವು. ಅಷ್ಟರಲ್ಲಿ ನೆರೆಮನೆಯ ವೈಕ್ಕೊ, ಮಂಜಿನ ಮೇಲೆ ನಿಲ್ಲಿಸಿದ್ದ ತನ್ನ ಮೀನು ಹಿಡಿಯುವ ಗುಡಿಸಲಿನಿಂದ ಕುಣಿಯುತ್ತ ಬಂದ. ಗಾಳ ಬಿಡಲು ಮಂಜಿನಲ್ಲಿ ಕೊರೆದ ತೂತು ಈ ವರ್ಷ ಹೆಪ್ಪುಗಟ್ಟುತ್ತಲೇ ಇಲ್ಲವಂತೆ, ಮೀನುಗಳೋ ಸಾಲುಗಟ್ಟಿ ಬರುತ್ತಿವೆಯಂತೆ.

ಉರ್ಹೊಗೆ ಎಲ್ಲ ಹೊಳೆಯಿತು: ಕೊಳವೆ ಬಿದ್ದಿರುವುದು ಕಟ್ಟೆಯಡಿಯಲ್ಲ, ಗುಡಿಸಲಿನಡಿ. ತಪ್ಪೊಪ್ಪಿಕೊಂಡು ಕೊಳವೆ ಎಳೆಯಬಹುದಿತ್ತು. ಆದರೆ ರಾಜ್ಯಪಾಲರು ತಪ್ಪು ಮಾಡುತ್ತಾರೆಯೇ? "ನಿಂಗೋಸ್ಕರಾನೇ ಆ ಕಡೆ ಬಿಟ್ಟಿದ್ದು ಅಂದ್ಕೊ," ಎಂದು ಗಡ್ಡ ನೀವಿದ.

ಹೆಂಡತಿ ಹೆಲ್ಮಿ ಕಾಫಿ ಬಗ್ಗಿಸುತ್ತ ಕೇಳಿದಳು: "ಹಂಗಾರೆ ನಿಮ್ಮಪ್ಪನ ಕಟ್ಟೆ ಯಾರಿಗೋಸ್ಕರ ಮುರೀತಾ ಇದೆ, ರೀ?"

ಭಾನುವಾರ ಅಡಿಯ ಮಂಜು ತೆಳುವಾಗಿ ವೈಕ್ಕೊನ ಗುಡಿಸಲು ಕುಡಿದವನಂತೆ ವಾಲಿತು. ಒಂದು ಕೈಯಲ್ಲಿ ಕೆಟಲ್, ಇನ್ನೊಂದರಲ್ಲಿ ಮೀನು ಹಿಡಿದು ಅವನು ಹೊಟ್ಟೆಯ ಮೇಲೆ ಜಾರುತ್ತ ಹೊರಬಂದ. ಸೌನಾದ ಹಬೆಕೋಣೆಯಲ್ಲಿ ಬೆವರುತ್ತಿದ್ದ ನಾವು ಟವೆಲ್ ಸುತ್ತಿಕೊಂಡೇ ಹಗ್ಗ ಹಿಡಿದು ಓಡಿದೆವು. ಮೈಯಿಂದ ಹಬೆಯೇಳುತ್ತಿದ್ದ ಅರ್ಧ ಊರು ನಗುತ್ತ, ಬೀಳುತ್ತ ಗುಡಿಸಲನ್ನು ಗಟ್ಟಿ ಮಂಜಿಗೆ ಎಳೆಯಿತು.

ಎಲ್ಲರಿಗಿಂತ ಜೋರಾಗಿ ಎಳೆದ ಉರ್ಹೊ ಕೊನೆಗೆ ಬಾಯಿಬಿಟ್ಟ. "ತಪ್ಪು ನಂದು ಕಣೋ. ಕೊಳವೆ ಅಡ್ಡಾದಿಡ್ಡಿ ಬಿಟ್ಬಿಟ್ಟೆ."

"ಗೊತ್ತಿತ್ತು ಮಾರಾಯ," ಎಂದ ವೈಕ್ಕೊ. "ತೂತಲ್ಲಿ ಗುಳ್ಳೆ ಬರೋದು ಕಾಣಲ್ವಾ? ಮೀನು ಚೆನ್ನಾಗಿ ಬೀಳ್ತಿತ್ತು, ಸುಮ್ನಿದ್ದೆ."

ಇಬ್ಬರೂ ಸೇರಿ ಮಂಜಿನಲ್ಲಿ ಗರಗಸದಿಂದ ದಾರಿ ಕೊರೆದು, ಕೊಕ್ಕೆಯಿಂದ ಕೊಳವೆಯನ್ನು ಕಟ್ಟೆಯತ್ತ ಎಳೆತಂದರು. ಅದೇ ವಾರ ಕಂಬಗಳ ಸುತ್ತ ಕಪ್ಪು ನೀರು ತೆರೆದುಕೊಂಡಿತು, ನರಳಾಟ ನಿಂತಿತು. ಕೊಳವೆಯ ಹಿಂದೆ ಮೀನುಗಳೂ ಬಂದವು, ಮೀನಿನ ಹಿಂದೆ ಕುರ್ಚಿ ಹೊತ್ತು ವೈಕ್ಕೊನೂ ಬಂದ. ವಸಂತದವರೆಗೆ ಅವನು ಉರ್ಹೊನ ಅಪ್ಪನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ. ರಾಜ್ಯಪಾಲರು ಖುದ್ದಾಗಿ ಕಾಫಿ ತಂದುಕೊಡುತ್ತಿದ್ದರು.