ಅಗಲವಾದ ಒಂದೇ ಫೋಟೊ

ಅತ್ತಾವರದ ಸಭಾಭವನವೊಂದರಲ್ಲಿ ನನ್ನ ಹಾಸ್ಯ ಭಾಷಣ. ಲ್ಯಾಪ್‌ಟಾಪಿನಲ್ಲಿ ನನಗೆ ಮಾತ್ರ ಕಾಣಬೇಕಿದ್ದ ಟಿಪ್ಪಣಿ ಬೆನ್ನ ಹಿಂದಿನ ಪರದೆಯ ಮೇಲೆ ಆಳೆತ್ತರಕ್ಕೆ ಬಿದ್ದಿತ್ತು: ‘ಇಲ್ಲಿ ಜನ ನಗುತ್ತಾರೆ. ನಿಲ್ಲಿಸು. ನೀರು ಕುಡಿ.’ ಗೊತ್ತಿಲ್ಲದ ನಾನು ನಿಲ್ಲಿಸಿ ನೀರು ಕುಡಿದೆ. ಆ ಸಂಜೆ ನನಗೆ ಸಿಕ್ಕ ದೊಡ್ಡ ನಗು ಅದೇ.

ಭವನದ ಪ್ರೊಜೆಕ್ಟರ್ ನೋಡಿಕೊಳ್ಳುವ ಪಿಯುಸ್ ನಿಧಾನಕ್ಕೆ ಬಂದ. “ಡಿಸ್‌ಪ್ಲೇ ಉಲ್ಟಾ ಉಂಟು ಸರ್. ನಿಮ್ಮದು ಅವರಿಗೆ, ಅವರದ್ದು ನಿಮಗೆ.” ಅದಲು ಬದಲು ಮಾಡಿದ. ಮುಂದಿನ ಸ್ಲೈಡಿನಲ್ಲಿ ಅಡ್ಡಕ್ಕೆ ಹಿಗ್ಗಿದ್ದ ನನ್ನ ಫೋಟೊವನ್ನೂ ಅಳತೆಗೆ ತಂದ. “ನೀವು ಇಷ್ಟು ದಪ್ಪ ಇಲ್ಲ ಮಾರಾಯ್ರೆ.” ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಹದಿನಾಲ್ಕು ವರ್ಷಗಳಿಂದ ಅದೇ ಪ್ರೊಜೆಕ್ಟರ್, ಅದೇ ಪಿಯುಸ್. ಮದುವೆಯಿರಲಿ, ಸತ್ತವರಿಗೆ ತಿಂಗಳು ತುಂಬಿದ ದಿನ ಚರ್ಚಿನಲ್ಲಿ ಕೊಡಿಸುವ ಬಲಿಪೂಜೆಯ ನಂತರದ ಊಟವಿರಲಿ, ಪರದೆಯ ಮೇಲೆ ಯಾರ ಮುಖವೂ ಒಂದಿಂಚು ಎಳೆದುಹೋಗಲು ಬಿಟ್ಟವನಲ್ಲ. “ಸತ್ತವರು ಬಂದು ಕಂಪ್ಲೇಂಟ್ ಕೊಡುವುದಿಲ್ಲ ಸರ್, ನಾವೇ ನೋಡ್ಬೇಕು.”

ಕಳೆದ ವರ್ಷ ಅವನ ಹೆಂಡತಿ, ನರ್ಸ್ ಬರ್ನಡೆಟ್, ಕಾಯಿಲೆ ಬಿದ್ದು ಕಡ್ಡಿಯಾದಳು. ಮೊದಲು ದುಂಡು ಮುಖದ ಹೆಂಗಸು. ಆಗಷ್ಟೇ ಹುಟ್ಟಿದ ಮೊಮ್ಮಗಳು ಏವ್ರಿಲ್‌ಳನ್ನು ಮಡಿಲಲ್ಲಿಟ್ಟುಕೊಂಡ ಒಂದು ಫೋಟೊ ತೆಗೆದರು. ಅದನ್ನು ನೋಡಿ ಅವಳು, “ಈ ಮುಖ ಯಾರಿಗೂ ತೋರಿಸ್ಬೇಡಿ” ಎಂದು ಗಂಡನಿಂದ ಮಾತು ತೆಗೆದುಕೊಂಡಳು. ಎರಡು ವಾರಕ್ಕೆ ತೀರಿಹೋದಳು. ಮಗಳು ಶರೊನ್‌ಳ ಹಟ ಬೇರೆ: “ಮಮ್ಮಿ, ಮಗು ಒಟ್ಟಿಗೆ ಇರುವುದು ಅದೊಂದೇ ಡ್ಯಾಡಿ. ತಿಂಗಳಿನ ದಿನ ಹಾಕ್ಲೇಬೇಕು.”

“ಎಂತ ಮಾಡುವುದು ಸರ್?” ಎಂದು ಪಿಯುಸ್ ಚಹಾ ಕುಡಿಯುತ್ತ ನನ್ನನ್ನು ಕೇಳಿದ್ದ. ಊರಿಗೆಲ್ಲ ಮಾತು ಮಾರುವ ನಾನು ಇನ್ನೊಂದು ಚಹಾ ಹೇಳಿದೆ.

ತಿಂಗಳಿನ ದಿನ ಅದೇ ಭವನಕ್ಕೆ ನಾನೂ ಹೋಗಿದ್ದೆ. ಪಿಯುಸ್ ಮನೆಯವರ ಸಾಲಿನಲ್ಲಿ ಕೂರಲಿಲ್ಲ. ಪ್ರೊಜೆಕ್ಟರಿನ ಬಳಿಯೇ ನಿಂತ. ಮದುವೆಯದ್ದು, ಯೂನಿಫಾರ್ಮಿನದ್ದು, ವೇಲಂಕಣಿಗೆ ಹೋದಾಗಿನದ್ದು, ಎಲ್ಲ ಅಳತೆಗೆ ಸರಿಯಾಗಿ ಬಂದವು. ಕೊನೆಯದಕ್ಕೆ ಮೊದಲು ಅವನ ಕೈಯಲ್ಲಿದ್ದ ರಿಮೋಟ್ ಟಕ್ ಎಂದಿತು. ಪರದೆಯಲ್ಲಿ ಬರ್ನಡೆಟ್‌ಳ ಕೆನ್ನೆ ತುಂಬಿಕೊಂಡಿತ್ತು. ಮಗುವಿನ ಮುಖ ಮಾತ್ರ ಇಡ್ಲಿಯಂತೆ ಅಗಲ. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು: “ಕೊನೆಗೂ ಎಷ್ಟು ಚಂದ ಗುಂಡಗೆ ಇದ್ದಳು ನೋಡಿ, ಪಾಪ!” ಶರೊನ್ ಒಮ್ಮೆ ತಿರುಗಿ ಅಪ್ಪನನ್ನು ನೋಡಿದಳು, ಮತ್ತೆ ಪರದೆಯನ್ನೇ ನೋಡುತ್ತ ಅತ್ತಳು.

ಊಟದ ಹೊತ್ತಿಗೆ ನಾನು ತಡೆಯಲಾರದೆ ಕೇಳಿದೆ: “ಪಿಯುಸ್, ಅದೊಂದು ಫೋಟೊ ಅಗಲ ಆಗಿತ್ತಲ್ಲ?”

ಆತ ಕೇಬಲ್ ಸುತ್ತುವುದನ್ನು ನಿಲ್ಲಿಸಲಿಲ್ಲ.

“ಹಳೇ ಪ್ರೊಜೆಕ್ಟರ್ ಸರ್. ಒಮ್ಮೊಮ್ಮೆ ತಪ್ತದೆ.”